ಸೈಕಲ್ ಹೊತ್ತು ಇಳಿದ ಸ್ವಾಮಿ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ಹೇಳಿ. ಒಬ್ಬರಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ತಯಾರಿ ಮಾಡಿಸಿರುತ್ತೀರಿ. ಏನು ತಿನ್ನಬೇಕು, ಎಷ್ಟು ಮಲಗಬೇಕು, ಯಾವತ್ತು ಬೆವರು ಹರಿಸಬೇಕು, ಯಾವತ್ತು ತೆಪ್ಪಗಿರಬೇಕು, ಎಲ್ಲವನ್ನೂ ಕೂಡಿಸಿ ಇಟ್ಟಿರುತ್ತೀರಿ. ಒಂದು ಬೆಳಗ್ಗೆ ಆ ಮನುಷ್ಯ ಬಂದು ಎದುರಿಗೆ ನಿಲ್ಲುತ್ತಾನೆ. ಅವನ ವೇಷ ನೋಡಿದ ತಕ್ಷಣ ನಿಮಗೆ ಗೊತ್ತಾಗುತ್ತದೆ, ಇದರಲ್ಲಿ ಒಂದೂ ಇನ್ನು ನಡೆಯುವುದಿಲ್ಲ ಅಂತ. ಆಗಿದೆಯಾ? ನನಗೆ ಆಗಿದೆ.

ಎರಡು ಸಾವಿರದ ನಂತರದ ಆ ಮೊದಲ ವರ್ಷಗಳ ಮಾತು. ಕೆಂಗೇರಿಗೆ ಮೆಟ್ರೋ ಬರುತ್ತದೆ ಅಂದರೆ ಜನ ನಗುತ್ತಿದ್ದ ಕಾಲ. ವಿಜಯನಗರದಲ್ಲಿ ನನ್ನದೊಂದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ಇತ್ತು. ಮಂಡಿ ನೋವು ಅಂತ ಬಂದ ಒಂದಿಬ್ಬರು ಸೈಕಲ್ ಹುಚ್ಚರು ವಾಸಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ಗುಡ್ಡಗಾಡು ಸೈಕಲ್ ರೇಸಿಗೆ ನೀವೇ ತಯಾರಿ ಮಾಡಿಸಿ ಅಂತ ದುಂಬಾಲು ಬಿದ್ದರು. ನಮ್ಮ ಕಡೆ ಅದಕ್ಕೆಲ್ಲ ಕೋಚ್ ಅಂತ ಯಾರಿದ್ದರು? ಸ್ನಾಯು, ಕೀಲು, ಉಸಿರು ಇವುಗಳ ಬಗ್ಗೆ ನನಗೆ ಗೊತ್ತಿತ್ತು. ಉಳಿದದ್ದನ್ನು ಜ್ಞಾನಭಾರತಿ ಕ್ಯಾಂಪಸ್ಸಿನ ಮಣ್ಣುದಾರಿಯಲ್ಲಿ ಅವರ ಜೊತೆ ಬೆಳಗ್ಗೆ ಬೆಳಗ್ಗೆ ನಿಂತು ಕಲಿತೆ.

ಈ ಕಥೆ ಅವರಲ್ಲಿ ಒಬ್ಬನದು. ಹೇರೋಹಳ್ಳಿಯ ಹುಡುಗ, ಇಪ್ಪತ್ತಾರು ವರ್ಷ. ಹುಡುಗ ಅಂತ ನಾನು ಕರೆಯುವುದು, ಅವನಿಗೆ ಆಗಲೇ ಮೀಸೆ ನನ್ನ ಗಂಡನಿಗಿಂತ ಚೆನ್ನಾಗಿತ್ತು. ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸ. ಅವನ ಪರಿಚಯ ಆದದ್ದು ಮಂಡಿಯಿಂದಲ್ಲ, ತಾಯಿಯಿಂದ. ಆಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಶನ್ ಆದ ಮೇಲೆ ಅವರನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಮಗ ದಿನಾ ಆಟೋದಲ್ಲಿ ಕರೆತಂದು, ವ್ಯಾಯಾಮ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿರುತ್ತಿದ್ದ. ತಾಯಿ ನಡೆದರು. ಮಗ ನನ್ನ ಸೈಕಲ್ ಗುಂಪಿಗೆ ಸೇರಿಕೊಂಡ.

ಏರಿನಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ. ಇಳಿಜಾರಿನಲ್ಲಿ ಸ್ವಲ್ಪ ಗಾಬರಿ. ಅಷ್ಟು ಬಿಟ್ಟರೆ ನಾನು ನೋಡಿದ ಹವ್ಯಾಸಿಗಳಲ್ಲಿ ಅವನೇ ಗಟ್ಟಿ. ಆ ವರ್ಷ ಕೆಂಗೇರಿ ಆಚೆಯ ಒಂದು ಗುಡ್ಡದಲ್ಲಿ ರೇಸು ಅಂತ ಗೊತ್ತಾಯಿತು. ಮೊದಲ ಮೂರು ಜನ ರಾಜ್ಯ ತಂಡಕ್ಕೆ. ಅವನ ವರ್ಕ್‌ಶಾಪಿನ ಮಾಲೀಕ ಮೊದಲೇ ಹೇಳಿಬಿಟ್ಟಿದ್ದ, "ಈ ಸಲ ಸೆಲೆಕ್ಟ್ ಆದ್ರೆ ರಜಾ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಸೈಕಲ್ ಮೂಲೆಗೆ ಹಾಕಿ ಭಾನುವಾರನೂ ಮಷೀನಿಗೆ ಬಾ." ಅಂದರೆ ಇದೇ ಒಂದು ಅವಕಾಶ.

ರೇಸು ಅಕ್ಟೋಬರಿನಲ್ಲಿ ಇತ್ತು. ನನ್ನ ತಯಾರಿಯೂ ಅಲ್ಲಿಗೇ ಸರಿಯಾಗಿ ಬಂದು ನಿಂತಿತ್ತು. ಮೊದಲು ಉದ್ದುದ್ದ ನಿಧಾನದ ಸವಾರಿ, ಆಮೇಲೆ ಒಂದೇ ಏರನ್ನು ಮತ್ತೆ ಮತ್ತೆ ಉಸಿರು ಕಟ್ಟುವಂತೆ ಹತ್ತುವುದು, ಕೊನೆಯ ವಾರ ಇಳಿಸಿಕೊಂಡು ಕಾಲಿಗೆ ವಿಶ್ರಾಂತಿ. ಬೆಳಗ್ಗೆ ಎದ್ದ ತಕ್ಷಣ ಹಾಸಿಗೆಯಲ್ಲೇ ನಾಡಿ ಎಣಿಸಿ ನನಗೆ ಮೆಸೇಜ್ ಹಾಕಬೇಕು. ನಾಡಿ ಏರಿದ್ದರೆ ಅವತ್ತು ಸವಾರಿ ಇಲ್ಲ. ಈಗಿನ ಹಾಗೆ ಕೈಗಡಿಯಾರವೇ ಎಲ್ಲ ಹೇಳುವ ಕಾಲ ಅಲ್ಲ ಅದು.

ಮಳೆ ಬಂತು. ಗುಡ್ಡದ ದಾರಿ ಕೊಚ್ಚಿಹೋಯಿತು. ರೇಸನ್ನು ಡಿಸೆಂಬರ್ ಕೊನೆಗೆ ಹಾಕಿದರು. ಇನ್ನೂ ಒಳ್ಳೆಯದೇ ಆಯ್ತು, ಇಳಿಜಾರನ್ನು ತಿದ್ದೋಣ ಅಂದುಕೊಂಡೆ.

ನವೆಂಬರಿನ ಒಂದು ಬೆಳಗ್ಗೆ ಕ್ಯಾಂಪಸ್ಸಿಗೆ ಬಂದ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಹೆಗಲ ಮೇಲೆ ಕಪ್ಪು ಟವೆಲ್, ಹಣೆಯಲ್ಲಿ ಗಂಧ, ಕೊರಳಲ್ಲಿ ಮಾಲೆ. ಬರಿಗಾಲು.

"ಸ್ವಾಮಿ ಶರಣಂ ಅಮ್ಮ" ಅಂದ.

ನನಗಾಗ ಮೂವತ್ತೈದು. ಹಿಂದಿನ ದಿನದವರೆಗೆ ಮೇಡಂ ಆಗಿದ್ದವಳು ರಾತ್ರಿ ಬೆಳಗಾಗುವುದರಲ್ಲಿ ಅಮ್ಮ ಆಗಿದ್ದೆ. ಆದರೆ ನನ್ನ ಕಣ್ಣು ನಿಂತದ್ದು ಅವನ ಪಾದದ ಮೇಲೆ.

"ಏನೋ ಇದು?" ಅಂದೆ.

ಪಕ್ಕದಲ್ಲಿ ನಮ್ಮ ಗುಂಪಿನ ಬ್ಯಾಂಕ್ ಸಾರ್ ಇದ್ದರು. ರಾಜಾಜಿನಗರದವರು, ನಲವತ್ತು ದಾಟಿದವರು, ತೂಕ ಇಳಿಸಲು ಬಂದು ರೇಸಿನ ಚಟಕ್ಕೆ ಬಿದ್ದವರು. ಅವರು ಮೊಣಕೈಯಲ್ಲಿ ತಿವಿದರು. "ಮೇಡಂ, ಏನೋ ಅನ್ಬಾರ್ದು. ಸ್ವಾಮಿ ಅನ್ಬೇಕು. ಬೈಯೋದಾದ್ರೂ ಸ್ವಾಮಿ ಅಂತ್ಲೇ ಬೈಬೇಕು."

"ಸರಿ. ಸ್ವಾಮಿಗಳೇ, ಏನಿದು?"

"ಹರಕೆ ಅಮ್ಮ. ತಾಯಿ ಎದ್ದು ನಡೆದ್ರೆ ಈ ವರ್ಷಾನೇ ಬೆಟ್ಟಕ್ಕೆ ಬರ್ತೀನಿ ಅಂತ ಹೊತ್ಕೊಂಡಿದ್ದೆ. ರೇಸ್ ಮುಗಿಸ್ಕೊಂಡು ಮಾಲೆ ಹಾಕೋಣ ಅಂತಿದ್ದೆ. ರೇಸೇ ಮುಂದಕ್ಕೆ ಹೋಯ್ತಲ್ಲ."

ತಾಯಿಯನ್ನು ನಡೆಸಿದ್ದು ನಾನು, ಹರಕೆ ಅಯ್ಯಪ್ಪನಿಗೆ! ಮುಂದೊಂದು ದಿನ ಆ ತಾಯಿಗೆ ಇದನ್ನೇ ಹೇಳಿದೆ. ಆಕೆ ಸ್ವಲ್ಪವೂ ಸಂಕೋಚಪಡಲಿಲ್ಲ. "ಕಾಲು ಎತ್ಸಿದ್ದು ನೀವೇ ಕಣಮ್ಮ. ಎತ್ತೋ ಧೈರ್ಯ ಕೊಟ್ಟೋನು ಅವ್ನು" ಅಂದರು.

ಆ ಬೆಳಗ್ಗೆ ಮನೆಗೆ ಬಂದು ಚಹಾ ಮುಂದಿಟ್ಟುಕೊಂಡು ಕೂತೆ. ಸ್ವಾಮಿಗಳ ದಿನಚರಿ ಹೀಗೆ: ಕತ್ತಲಿರುವಾಗಲೇ ಎದ್ದು ತಣ್ಣೀರು ಸ್ನಾನ, ಪೂಜೆ. ಮಧ್ಯಾಹ್ನ ಒಂದು ಊಟ, ಅದೂ ತಾನೇ ಬೇಯಿಸಿದ್ದು. ಸಂಜೆ ಮತ್ತೆ ಸ್ನಾನ, ಭಜನೆ, ಚಾಪೆಯ ಮೇಲೆ ನಿದ್ದೆ. ಚಪ್ಪಲಿ ಇಲ್ಲ, ಶೂ ಇಲ್ಲ. ಹೆಂಗಸರನ್ನು ಮುಟ್ಟುವಂತಿಲ್ಲ, ಅಂದರೆ ಅವನ ತೊಡೆಯ ಬಿಗಿತವನ್ನು ನಾನು ಕೈಯಿಟ್ಟು ನೋಡುವಂತಿಲ್ಲ. ರೇಸಿನ ದಿನವೂ ಮಾಲೆ ಕೊರಳಲ್ಲೇ ಇರುತ್ತದೆ. ಹರಕೆ ಬಿಡು ಅನ್ನುವ ಹಕ್ಕು ನನಗಿಲ್ಲ. ರೇಸು ಬಿಡು ಅಂದರೆ ಅವನ ಒಂದೇ ಅವಕಾಶವನ್ನು ನಾನೇ ಕಿತ್ತುಕೊಂಡ ಹಾಗೆ. ಬರಿಗಾಲಲ್ಲಿ ಬಂಡೆಯ ಮೇಲಿಂದ ಸೈಕಲ್ ಇಳಿಸಲು ಬಿಟ್ಟು ಅವನ ಕಾಲು ಹೋದರೆ? ಚಹಾ ಆರಿಹೋಯಿತು.

ಮೊದಲ ಪೆಟ್ಟು ಹೊಟ್ಟೆಯಿಂದ ಬಂತು. ಒಂದು ಬೆಳಗ್ಗೆ ಏರು ಹತ್ತಿಸುತ್ತಿದ್ದೆ. ನಾಲ್ಕನೇ ಸಲ ಮೇಲೆ ಬಂದವನು ಸೈಕಲ್ಲಿನಿಂದ ಇಳಿದು ಹಾಗೇ ನೆಲಕ್ಕೆ ಕೂತ. ಮುಖ ಬಿಳಿಚಿಕೊಂಡಿತ್ತು.

"ಕಣ್ ಕತ್ಲೆ ಬರ್ತಿದೆ ಅಮ್ಮ."

ಓಡಿಹೋದೆ, ಎರಡು ಹೆಜ್ಜೆ ದೂರದಲ್ಲಿ ನೆನಪಾಗಿ ನಿಂತೆ. "ಸಾರ್, ನೀವು ಹಿಡ್ಕೊಳ್ಳಿ! ಕಾಲು ಮೇಲೆತ್ತಿ!" ಅಂತ ಬ್ಯಾಂಕ್ ಸಾರಿಗೆ ಕೂಗಿದೆ. ಬ್ಯಾಗಿನಲ್ಲಿದ್ದ ಕಡಲೆ ಮಿಠಾಯಿ ತೆಗೆದೆ. ಆ ಸ್ಥಿತಿಯಲ್ಲೂ ತಲೆ ಅಲ್ಲಾಡಿಸಿದ. "ಅಂಗಡೀದು ಬೇಡ ಅಮ್ಮ."

"ಗ್ಲೂಕೋಸ್ ಪುಡಿ?"

"ಯಾರ್ ಮಾಡಿದ್ದೋ ಏನೋ..."

"ಫ್ಯಾಕ್ಟರಿ ಮಾಡಿದ್ದು ಸ್ವಾಮಿ! ಮನುಷ್ಯರು ಮುಟ್ಟೇ ಇಲ್ಲ, ಕುಡೀರಿ!"

ಬ್ಯಾಂಕ್ ಸಾರ್ ನಗು ತಡೆಯಲಾರದೆ ಆ ಕಡೆ ತಿರುಗಿದರು. ನನಗೆ ನಗು ಬರಲಿಲ್ಲ. ಕೊನೆಗೆ ಗೇಟಿನ ಹತ್ತಿರದ ಗಾಡಿಯಿಂದ ಬಾಳೆಹಣ್ಣು ತಂದದ್ದಾಯಿತು. ಎರಡು ತಿಂದ ಮೇಲೆ ಮುಖಕ್ಕೆ ಬಣ್ಣ ಬಂತು.

ಅವತ್ತೇ ಸಂಜೆ ಅವನಿಗೆ ಮಾಲೆ ಹಾಕಿಸಿದ ಗುರುಸ್ವಾಮಿಯನ್ನು ನೋಡಲು ಹೇರೋಹಳ್ಳಿಗೆ ಹೋದೆ. ಇಪ್ಪತ್ತು ಸಲಕ್ಕಿಂತ ಹೆಚ್ಚು ಬೆಟ್ಟ ಹತ್ತಿದ ಹಿರಿಯರು ಅಂತ ಕೇಳಿದ್ದೆ. ಗುಂಡಿ ಬಿದ್ದ ರಸ್ತೆಯ ಕೊನೆಯಲ್ಲಿ ಅರ್ಧ ಕಟ್ಟಿದ ಮನೆ, ಮುಂದೆ ತೆಂಗಿನ ಗರಿಯ ಚಪ್ಪರ. ಅಲ್ಲಿ ಭಜನೆಗೆ ಚಾಪೆ ಹಾಸುತ್ತಿದ್ದರು. ನಾನು ಚಪ್ಪರದ ಹೊರಗೇ ನಿಂತೆ. ಅವರೇ ಎದ್ದು ಬಂದು ಕುರ್ಚಿ ಹಾಕಿಸಿದರು.

ಊಟದ ವಿಷಯ ಹೇಳಿದ ತಕ್ಷಣ ಅವರು ನಮ್ಮವನನ್ನು ಕರೆದರು. "ಸ್ವಾಮಿ, ಬೆಳಗ್ಗೆ ಪೂಜೆ ಆದ್ಮೇಲೆ ಹಣ್ಣು ಹಾಲು ತಗೋಬಾರ್ದು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸ್ವಾಮಿ. ನಾನೇ ಸ್ವಲ್ಪ ಕಟ್ಟುನಿಟ್ಟಾಗಿ..."

"ಅಯ್ಯಪ್ಪನಿಗಿಂತ ಕಟ್ಟುನಿಟ್ಟು ಬೇಡ. ಅವಲಕ್ಕಿ ನೆನೆಸಿ ಬೆಲ್ಲ ಹಾಕ್ಕೊಂಡು ತಿನ್ನಿ. ಬಿದ್ರೆ ಬೆಟ್ಟಕ್ಕೆ ಯಾರು ಹೊರ್ತಾರೆ ನಿಮ್ಮನ್ನ?"

ನನ್ನ ಎದೆ ಅರ್ಧ ಹಗುರಾಯಿತು. ಅದೇ ಧೈರ್ಯದಲ್ಲಿ ಶೂ ವಿಷಯ ಎತ್ತಿದೆ. ಪೊಲೀಸಿನವರು, ಬಸ್ ಡ್ರೈವರುಗಳು ಮಾಲೆ ಹಾಕಿಕೊಂಡೂ ಕೆಲಸಕ್ಕೆ ಶೂ ಹಾಕುತ್ತಾರಲ್ಲ, ರೇಸಿನ ದಿನ ಮಾತ್ರ ಇವರೂ ಹಾಕಬಹುದಾ ಅಂತ ಕೇಳಿದೆ.

ಹಿರಿಯರು ಹೇಳಿದರು, "ಡ್ಯೂಟಿಗೆ ಹಾಕೋರು ಹಾಕ್ತಾರಮ್ಮ, ತಪ್ಪಿಲ್ಲ. ಇವರಿಗೂ ಲೇತ್ ಮುಂದೆ ನಿಲ್ಲೋಕೆ ಶೂ ಹಾಕ್ಕೊಳಿ, ಕಬ್ಬಿಣದ ಚೂರು ಚುಚ್ಚುತ್ತೆ ಅಂದೆ. ಏನ್ ಮಾಡಿದ್ರು ಕೇಳಿ."

ನಮ್ಮವನು ನೆಲ ನೋಡುತ್ತಾ ಹೇಳಿದ, "ಓನರ್ ಹತ್ರ ಕೇಳ್ಕೊಂಡು ಪ್ಯಾಕಿಂಗ್ ಟೇಬಲ್ಗೆ ಹೋದೆ ಅಮ್ಮ."

"ಹೊಟ್ಟೆ ಪಾಡಿಗೇ ಹಾಕದೋರು ಆಟಕ್ಕೆ ಹಾಕ್ತಾರಾ?" ಅಂದರು ಗುರುಸ್ವಾಮಿ. "ನಾನು ಬೇಡ ಅನ್ನಲ್ಲ. ಹಾಕ್ಕೋ ಅಂತಲೂ ಹೇಳಲ್ಲ. ಅವರಿಷ್ಟ."

ನಾನು ಅವನ ಮುಖ ನೋಡಿದೆ. ಅವನು ತಲೆ ಅಲ್ಲಾಡಿಸಿದ. ಮುಗಿಯಿತು.

ಸರಿ, ಬರಿಗಾಲಲ್ಲೇ ಅಭ್ಯಾಸ ಅಂತ ಶುರು ಮಾಡಿದೆವು. ಗುಡ್ಡದ ಸೈಕಲ್ಲಿನ ಪೆಡಲಿನಲ್ಲಿ ಶೂ ಜಾರದಿರಲಿ ಅಂತ ಸಣ್ಣ ಸಣ್ಣ ಕಬ್ಬಿಣದ ಮೊಳೆ ಇರುತ್ತವೆ. ಅವುಗಳ ಮೇಲೆ ಹಳೇ ಸ್ಕೂಟರ್ ಟ್ಯೂಬ್ ಕತ್ತರಿಸಿ ಸುತ್ತಿದೆವು. ಏರಿಗೆ ಅದು ಸಾಕಾಯಿತು. ಇಳಿಜಾರಿಗೆ ಸಾಕಾಗಲಿಲ್ಲ. ಇಳಿಯುವಾಗ ಸೀಟಿನಿಂದ ಎದ್ದು, ಸೊಂಟ ಹಿಂದಕ್ಕೆ ಹಾಕಿ, ಇಡೀ ಮೈಭಾರ ಪೆಡಲಿನ ಮೇಲೆ ನಿಲ್ಲಬೇಕು. ಬಂಡೆಗೆ ಚಕ್ರ ಬಡಿದಾಗ ಅಂಗಾಲು ಜಾರಿತು. ಹೆಬ್ಬೆರಳಿನ ಬುಡ ಸೀಳಿತು.

ಕ್ಲಿನಿಕ್ಕಿನಲ್ಲಿ ಅವನು ಸ್ಟೂಲಿನ ಮೇಲೆ, ನಾನು ಟೇಬಲಿನ ಈಚೆ. ನಡುವೆ ಹತ್ತಿ, ಔಷಧಿ, ಬ್ಯಾಂಡೇಜು. ಅವನೇ ತೊಳೆದುಕೊಳ್ಳಬೇಕು, ನಾನು ಹೇಳಿಕೊಡಬೇಕು.

"ಇನ್ನೂ ಒಳಗೆ ಒರೆಸಿ. ಮಣ್ಣಿದೆ ಅಲ್ಲಿ."

"ಉರಿಯುತ್ತೆ ಅಮ್ಮ!"

"ಉರೀಲಿ. ಅದಕ್ಕೇ ಇರೋದು ಅದು. ಅಳ್ಬೇಡಿ ಸ್ವಾಮಿ, ಹೊರಗೆ ಪೇಶೆಂಟ್ಸ್ ಕೂತಿದ್ದಾರೆ."

ತಮಾಷೆ ಬಾಯಲ್ಲಷ್ಟೇ. ಆ ಗಾಯ ಹೊತ್ತು ಅವನು ಬರಿಗಾಲಲ್ಲಿ ಹೇರೋಹಳ್ಳಿಯ ಚರಂಡಿ ಪಕ್ಕದ ರಸ್ತೆಯಲ್ಲಿ ಓಡಾಡಬೇಕು. ನಂಜಾದರೆ ರೇಸೂ ಇಲ್ಲ, ಬೆಟ್ಟವೂ ಇಲ್ಲ. ದಿನಕ್ಕೆರಡು ಸಲ ಡ್ರೆಸಿಂಗ್ ಬದಲಿಸಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಿ ಅಂದಿದ್ದೆ. ಫೋನು ತಡವಾದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನನ್ನ ಗಂಡ ಕೇಳೇ ಬಿಟ್ಟರು, "ಯಾರ್ ಕಾಲು ಅದು, ನಿಂದಾ ಅವ್ರದಾ?"

ಗಾಯ ಮಾಯುತ್ತಾ ಬಂದಾಗ ಬ್ಯಾಂಕ್ ಸಾರ್ ಜೊತೆ ಅವನನ್ನೂ ಕ್ಯಾಂಪಸ್ಸಿನ ಕಲ್ಲು ಕೊರಕಲಿಗೆ ಕರೆದುಕೊಂಡು ಹೋದೆ. ಸ್ವಾಮಿಗಳೇ, ಮೇಲೆ ನಿಂತು ದಾರಿ ಮಾತ್ರ ನೋಡಿ, ಇಳಿಸಬೇಡಿ ಅಂದಿದ್ದೆ. ಕೆಳಗೆ ಸ್ಟಾಪ್‌ವಾಚ್ ಹಿಡಿದು ನಿಂತೆ. ಬ್ಯಾಂಕ್ ಸಾರ್ ಬ್ರೇಕ್ ಒತ್ತುತ್ತಾ, ದೇವರ ಹೆಸರು ಹೇಳುತ್ತಾ ಇಳಿದು ಬಂದರು. ಅವರು ನಿಂತು ನೀರಿನ ಬಾಟಲಿ ತೆಗೆಯುವಷ್ಟರಲ್ಲಿ ಹಿಂದೆಯೇ ಸ್ವಾಮಿ ಹಾಜರು. ಸೈಕಲ್ ಹೆಗಲ ಮೇಲೆ, ಕಪ್ಪು ಟವೆಲ್ ಮಡಿಚಿ ಅದರ ಕೆಳಗೆ. ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಮೆಟ್ಟಿಲು ಇಳಿದ ಹಾಗೆ ಇಳಿದುಬಿಟ್ಟಿದ್ದ.

"ಯಾಕೆ ಬಂದ್ರಿ?"

"ಮೇಲೆ ಒಬ್ನೇ ಏನ್ ಮಾಡ್ಲಿ ಅಮ್ಮ? ಓಡಿಸ್ಬೇಡಿ ಅಂದಿದ್ರಿ, ಹೊತ್ಕೊಂಡು ಬಂದೆ."

ನಾನು ವಾಚ್ ನೋಡಿದೆ. ಮತ್ತೆ ಇಬ್ಬರನ್ನೂ ಮೇಲೆ ಕಳಿಸಿದೆ. ಮತ್ತೆ ಅದೇ. ಓಡಿಸಿಕೊಂಡು ಬಂದವರಿಗೂ ಹೊತ್ತು ತಂದವನಿಗೂ ನಡುವಿನ ಅಂತರ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಬ್ಯಾಂಕ್ ಸಾರ್ ಏನು ಚಾಂಪಿಯನ್ ಅಲ್ಲ, ನಿಜ. ಆದರೆ ಮಾಲೆ ಹಾಕಿದಾಗಿನಿಂದ ಎಲ್ಲೆಲ್ಲೂ ಬರಿಗಾಲಲ್ಲಿ ನಡೆದು ಅವನ ಅಂಗಾಲು ಗಟ್ಟಿಯಾಗಿತ್ತು. ಪೆಡಲಿನ ಮೇಲೆ ಜಾರುವ ಆ ಪಾದ ಕಲ್ಲಿನ ಮೇಲೆ ಜಾರುತ್ತಿರಲಿಲ್ಲ.

ಅಲ್ಲೇ ತೀರ್ಮಾನ ಮಾಡಿದೆ. ಇನ್ನು ಇಳಿಜಾರಿನ ಸವಾರಿ ಅಭ್ಯಾಸ ಬಂದ್. ಅವನು ಇಳಿಜಾರನ್ನು ಸೈಕಲ್ ಹೊತ್ತು ಓಡಿಕೊಂಡೇ ಇಳಿಯುತ್ತಾನೆ. ಏರಿನಲ್ಲಿ ಗಳಿಸಬೇಕು, ಇಳಿಯುವಾಗ ಆದಷ್ಟು ಕಡಿಮೆ ಕಳೆದುಕೊಳ್ಳಬೇಕು.

ತಯಾರಿಯನ್ನೆಲ್ಲ ತಿರುಗಿಸಿ ಬರೆದೆ. ಸೈಕಲ್ ನಿಲ್ಲಿಸದೆ ಒಂದು ಕಾಲು ಈಚೆ ತಂದು ಇಳಿಯುವುದು, ಇಳಿದ ಓಟದಲ್ಲೇ ಚೌಕಟ್ಟಿಗೆ ಕೈ ಹಾಕಿ ಹೆಗಲಿಗೇರಿಸುವುದು, ಕೆಳಗೆ ಬಂದು ಓಡುತ್ತಲೇ ಹತ್ತುವುದು. ಟೈರಿನ ಗಾಳಿಯನ್ನು ಏರಿಗೆ ತಕ್ಕಂತೆ ಇಟ್ಟೆವು. ಭಾರ ಕಡಿಮೆಯಾಗಲಿ ಅಂತ ಸೈಕಲ್ಲಿನಿಂದ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿದೆವು. ಕ್ಯಾಂಪಸ್ಸಿನಲ್ಲಿ ವಾಕಿಂಗ್ ಬರುವ ಅಂಕಲ್‌ಗಳಿಗೆ ಹಬ್ಬ. "ಏನ್ ಸ್ವಾಮಿ, ಪಂಚರ್ರಾ?" ಅಂತ ದಿನಾ ಕೇಳುವವರೇ.

ಆದರೂ ಒಂದು ಲೆಕ್ಕ ನನ್ನನ್ನು ಕೊರೆಯುತ್ತಿತ್ತು. ಗುಡ್ಡಕ್ಕೆ ಹೋಗಿ ನೋಡಿಬಂದ ಮೇಲೆ ಗೊತ್ತಾಯಿತು, ಅಲ್ಲಿನ ಕೊರಕಲು ನಮ್ಮದಕ್ಕಿಂತ ಉದ್ದ. ಚೆನ್ನಾಗಿ ಇಳಿಸುವವನ ಮುಂದೆ ಇವನು ಸುಮಾರು ಅರ್ಧ ನಿಮಿಷ ಕಳೆದುಕೊಳ್ಳುತ್ತಾನೆ. ಅಂದರೆ ಕೊನೆಯ ಸುತ್ತಿನಲ್ಲಿ ಗುಡ್ಡದ ತುದಿಯಲ್ಲಿ ಇವನ ಹಿಂದಿನವನು ಅದಕ್ಕಿಂತ ದೂರ ಇರಬೇಕು. ಇಲ್ಲದಿದ್ದರೆ ಇಲ್ಲ.

ರೇಸಿನ ಬೆಳಗ್ಗೆ ಚಳಿ. ಅವಲಕ್ಕಿ ಬೆಲ್ಲ, ಬಾಳೆಹಣ್ಣು ಆಗಿತ್ತು. ತಾಯಿಯೂ ಕೋಲೂರಿಕೊಂಡು ಬಂದಿದ್ದರು. ಹೆಲ್ಮೆಟ್, ಬ್ರೇಕು ತಪಾಸಣೆ ಮಾಡುತ್ತಿದ್ದ ಅಧಿಕಾರಿ ಇವನ ಮುಂದೆ ಬಂದು ನಿಂತರು. ಕಣ್ಣು ಕೆಳಗೆ ಹೋಯಿತು.

"ಶೂ ಎಲ್ಲಿ?"

"ಇಲ್ಲ ಸಾರ್. ಮಾಲೆ."

ಅವರು ನಿಯಮದ ಹಾಳೆ ತಿರುಗಿಸಿದರು. ಹೆಲ್ಮೆಟ್ ಕಡ್ಡಾಯ ಅಂತ ದಪ್ಪಕ್ಷರದಲ್ಲಿತ್ತು. ಶೂ ಬಗ್ಗೆ ಒಂದು ಸಾಲೂ ಇಲ್ಲ. ಬರಿಗಾಲಲ್ಲಿ ಯಾರಾದರೂ ಬರಬಹುದು ಅಂತ ಬರೆದವರಿಗೆ ಹೊಳೆದೇ ಇರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ಅವರು ಬೇಡ ಅನ್ನಲಿ ಅಂತ ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವರು ಬೇಡ ಅಂದರೆ ಭಾರ ನನ್ನ ತಲೆಯಿಂದ ಇಳಿಯುತ್ತದೆ.

"ಟ್ರೇನರ್ ಯಾರು?"

"ನಾನು."

"ಏನಾದ್ರೂ ಆದ್ರೆ ನೀವೇ ನೋಡ್ಕೋಬೇಕು ಮೇಡಂ."

"ಕೊರಕಲಲ್ಲಿ ಓಡಿಸಲ್ಲ ಸಾರ್, ಹೊತ್ಕೊಂಡು ಇಳೀತಾರೆ."

ಅವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಸ್ವಾಮಿ ಶರಣಂ" ಅಂದು ಮುಂದಿನವನ ಬ್ರೇಕ್ ಒತ್ತಲು ಹೋದರು.

ಮೂರು ಸುತ್ತು. ನಾನು ತುದಿಯಲ್ಲಿ, ಕೊರಕಲು ಶುರುವಾಗುವ ಕಡೆ ನಿಂತೆ. ಮೊದಲ ಸುತ್ತಿನಲ್ಲಿ ಅವನು ಎರಡನೆಯವನಾಗಿ ಬಂದ, ಇಳಿದ, ಹೊತ್ತ, ಓಡಿದ. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಬಿದ್ದು ಬಿದ್ದು ನಕ್ಕರು. "ಸ್ವಾಮಿ, ಸೈಕಲ್ ನಿಮ್ಮನ್ನ ಹೊರ್ಬೇಕು, ನೀವ್ ಅದನ್ನಲ್ಲ!" ಇಳಿಯುವಷ್ಟರಲ್ಲಿ ಮೂವರು ದಾಟಿಹೋದರು. ಎರಡನೇ ಸುತ್ತಿನ ಏರಿನಲ್ಲಿ ಆ ಮೂವರನ್ನೂ ಮತ್ತೆ ಹಿಡಿದ. ಹುಡುಗರ ನಗು ನಿಂತಿತು. ಇಳಿಯುವಾಗ ಇಬ್ಬರು ದಾಟಿದರು.

ಕೊನೆಯ ಸುತ್ತು. ಏರಿನ ತಿರುವಿನಲ್ಲಿ ಮೊದಲನೆಯವನು ಕಂಡ, ಎರಡನೆಯವನು ಕಂಡ. ಆಮೇಲೆ ಕಪ್ಪು ಅಂಗಿ. ಮೂರನೆಯವನು! ಅವನ ಹಿಂದೆ ಕೆಂಪು ಜೆರ್ಸಿಯವನೊಬ್ಬ. ನಾನು ವಾಚ್ ಒತ್ತಿದೆ. ಅರ್ಧ ನಿಮಿಷ ಇಲ್ಲ. ಅದರ ಅರ್ಧವೂ ಇಲ್ಲ.

ಹೊತ್ತು ಇಳಿದರೆ ನಾಲ್ಕನೆಯವನು. ಓಡಿಸಿದರೆ ಬಹುಶಃ ಮೂರನೆಯವನು, ಇಲ್ಲವೇ ಆಸ್ಪತ್ರೆ. ಈ ಲೆಕ್ಕ ನನಗೆ ಗೊತ್ತಿದ್ದ ಹಾಗೆ ಅವನಿಗೂ ಗೊತ್ತಿತ್ತು. ಓಡಿಸಿ ಅನ್ನಬೇಕೋ ಇಳಿಯಿರಿ ಅನ್ನಬೇಕೋ ನನಗೆ ತಿಳಿಯಲಿಲ್ಲ. ಅವನು ನನ್ನ ಕಡೆ ನೋಡಲೂ ಇಲ್ಲ. ತುದಿಗೆ ಬಂದ, ಕಾಲು ಈಚೆ ತಂದ, ಕೈ ಹಾಕಿದ, ಸೈಕಲ್ ಹೆಗಲಿಗೇರಿತು. ಅಭ್ಯಾಸದಲ್ಲಿ ಕೂಡ ಅಷ್ಟು ಚೊಕ್ಕವಾಗಿ ಯಾವತ್ತೂ ಮಾಡಿರಲಿಲ್ಲ.

ಕೆಂಪು ಜೆರ್ಸಿಯವನು ಕೊರಕಲಿನ ನಡುವೆ ದಾಟಿಹೋದ. ಎಡವಲಿಲ್ಲ, ಬೀಳಲಿಲ್ಲ, ಚೆನ್ನಾಗಿಯೇ ಇಳಿಸಿದ. ಕೆಳಗಿನ ಬಯಲಿನಲ್ಲಿ ನಮ್ಮವನು ಅಟ್ಟಿಸಿಕೊಂಡು ಹೋದದ್ದು ಮೇಲಿನಿಂದ ಕಾಣುತ್ತಿತ್ತು. ಎರಡು ಸೈಕಲ್ ಉದ್ದದಷ್ಟು ಉಳಿದುಹೋಯಿತು. ನಾಲ್ಕನೆಯವನು.

ನಾನು ಕೆಳಗೆ ಬರುವಷ್ಟರಲ್ಲಿ ಅವನು ತಾಯಿಯ ಪಕ್ಕ ನೆಲದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ತಾಯಿ ಕೋಲಿನ ತುದಿಯಿಂದ ಅವನ ಪಾದ ತಿರುಗಿಸಿ ನೋಡುತ್ತಿದ್ದರು. ಒಂದು ಹೊಸ ಗೀರೂ ಇರಲಿಲ್ಲ.

"ಬೇಜಾರಾ ಸ್ವಾಮಿ?" ಅಂದೆ.

"ಆಗುತ್ತೆ ಅಮ್ಮ. ಆಗಲ್ಲ ಅಂದ್ರೆ ಸುಳ್ಳಾಗುತ್ತೆ." ಒಂದು ತುತ್ತು ನುಂಗಿದ. "ಆದ್ರೆ ಬಿದ್ದಿದ್ರೆ ಬೆಟ್ಟಕ್ಕೆ ಯಾರು ಹೊರ್ತಿದ್ರು?"

ಜನವರಿಯಲ್ಲಿ ಬೆಟ್ಟದಿಂದ ಬಂದು ಮಾಲೆ ಬಿಚ್ಚಿದ ಮಾರನೇ ದಿನ ಕ್ಲಿನಿಕ್ಕಿಗೆ ಬಂದ. ಶೂ ಹಾಕಿಕೊಂಡಿದ್ದ, ಕಚ್ಚುತ್ತಿದೆ ಅಂತ ಕುಂಟುತ್ತಿದ್ದ. "ನಮಸ್ಕಾರ ಮೇಡಂ" ಅಂದ. ಆ ಮೇಡಂ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, "ಬಾರೋ ಕೂತ್ಕೋ" ಅಂದು ಅವನ ಶೂ ನಾನೇ ಬಿಚ್ಚಿ ಅಂಗಾಲನ್ನು ಕೈಯಲ್ಲಿ ಹಿಡಿದು ನೋಡಿದೆ. ಹೆಬ್ಬೆರಳಿನ ಬುಡದ ಗಾಯ ಗೆರೆಯಾಗಿ ಉಳಿದಿತ್ತು. ಅಷ್ಟು ದಿನ ಕಣ್ಣಲ್ಲೇ ಕಾದ ಕಾಲನ್ನು ಕೊನೆಗೂ ಮುಟ್ಟಿದ್ದು ಅವತ್ತು.

ಮಾಲೀಕ ಹೇಳಿದ ಹಾಗೆ ಭಾನುವಾರದ ಕೆಲಸ ಶುರುವಾಯಿತು. ಅವನು ಕೆಲಸಕ್ಕೆ ಮುಂಚೆ ಕತ್ತಲಲ್ಲೇ ಎದ್ದು ಸವಾರಿ ಮಾಡಿದ. ಆ ಏಳುವ ಅಭ್ಯಾಸ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ಮಾರನೇ ವರ್ಷ ರೇಸು ಅಕ್ಟೋಬರಿನಲ್ಲೇ ನಡೆಯಿತು, ಮಾಲೀಕನನ್ನು ಕಾಡಿ ಬೇಡಿ ಒಂದು ದಿನ ರಜಾ ಪಡೆದ. ಶೂ ಹಾಕಿಕೊಂಡು, ಹೊಟ್ಟೆ ತುಂಬ ತಿಂದು, ಇಳಿಜಾರನ್ನೆಲ್ಲ ಓಡಿಸಿಕೊಂಡೇ ಇಳಿದ. ಐದನೆಯವನಾದ.

ನನಗಂತೂ ಇವತ್ತಿಗೂ ಅದನ್ನು ನೆನೆದರೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ಗೊತ್ತಾಗುವುದಿಲ್ಲ. ಯಾರಿಗಾದರೂ ಆಟ ಕಲಿಸಲು, ಅಡುಗೆ ಕಲಿಸಲು, ಪರೀಕ್ಷೆಗೆ ಕೂರಿಸಲು ಹೋಗಿ, ಅವರ ನೇಮಕ್ಕೆ ನಿಮ್ಮ ಲೆಕ್ಕವನ್ನೇ ತಿದ್ದಿಕೊಂಡದ್ದು ನಿಮಗೂ ಇದ್ದೀತು. ಇದ್ದರೆ ಕೆಳಗೆ ಬರೆಯಿರಿ. ಗೆದ್ದದ್ದೇ ಆಗಬೇಕಿಲ್ಲ, ನಾಲ್ಕನೆಯವರಾದದ್ದನ್ನೂ ಬರೆಯಿರಿ. ಒಂದೊಂದನ್ನೂ ಕೂತು ಓದುತ್ತೇನೆ.